2ರ ಘಾತ 67ರಲ್ಲಿ 1 ಕಳೆದ ಸಂಖ್ಯೆ: ಎಲ್ಲದರಿಂದಲೂ ಭಾಗ ಹೋಗುತ್ತದೆ ಅಂತಿದೆ ಪೈಥಾನ್

ಬೆಟಗೇರಿ ಗಣಿತ
ನಮಸ್ಕಾರ ರೀ. ಗದಗ-ಬೆಟಗೇರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. 2ರ ಯಾವ ಘಾತದಲ್ಲಿ 1 ಕಳೆದರೆ ಅವಿಭಾಜ್ಯ ಸಂಖ್ಯೆ ಬರುತ್ತದೆ ಅಂತ 1644ರಲ್ಲಿ ಫ್ರೆಂಚ್ ಗಣಿತಜ್ಞ ಮೆರ್ಸೆನ್ ಒಂದು ಪಟ್ಟಿ ಕೊಟ್ಟಿದ್ದ; ಅದರಲ್ಲಿ 67ನ್ನೂ ಸೇರಿಸಿದ್ದ, ಅದು ತಪ್ಪು ಅಂತ ಮಕ್ಕಳಿಗೆ ಹೇಳಿದೆ. "ಹಾಗಾದ್ರೆ ಯಾವುದರಿಂದ ಭಾಗ ಹೋಗುತ್ತೆ ಸರ್?" ಅಂತ ಒಬ್ಬ ಹುಡುಗಿ ಕೇಳಿದಳು. ಅವಳ ಕೈಯಿಂದಲೇ ಹುಡುಕಿಸೋಣ ಅಂತ ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದೆವು. ಸಂಖ್ಯೆ 147573952589676412927. 2ರಿಂದ ಶುರು ಮಾಡಿ ಭಾಗಿಸುವುದು, ಬಂದದ್ದು ಪೂರ್ಣ ಸಂಖ್ಯೆಯಾ ಅಂತ ನೋಡುವುದು. ಅದು 2ಕ್ಕೇ ನಿಂತಿತು! ಕೊನೆಯ ಅಂಕಿ 7, ಬೆಸ ಸಂಖ್ಯೆ. 3ರಿಂದ ಶುರು ಮಾಡಿದರೆ 3 ಅನ್ನುತ್ತದೆ. ಅಂಕಿಗಳ ಮೊತ್ತ 109, 3ರಿಂದ ಹೋಗುವುದೇ ಇಲ್ಲ. ಎಲ್ಲಿ ತಪ್ಪಿದೆ?

ಸಪ್ತಾಪುರ ಧಾರವಾಡ
ಸರ್, ಒಂದೇ ಓರೆಗೆರೆ ಹಾಕಿ ಭಾಗಿಸಿದ್ದೀರಿ ಅಲ್ವಾ? ಆಗ ಉತ್ತರ ಫ್ಲೋಟ್ ಆಗಿ, ಅಂದರೆ ದಶಮಾಂಶ ಸಂಖ್ಯೆಯಾಗಿ ಬರುತ್ತದೆ. ಫ್ಲೋಟ್ 53 ಬಿಟ್ (ದ್ವಿಮಾನ ಅಂಕಿ) ಮಾತ್ರ ಹಿಡಿದಿಡುತ್ತದೆ. ಉತ್ತರ 9007199254740992 ದಾಟಿದರೆ ದಶಮಾಂಶ ಬಿಂದುವಿನ ಮುಂದೆ ಏನೂ ಉಳಿಯುವುದಿಲ್ಲ. ಹಾಗಾಗಿ ಅರ್ಧ ಮಾಡಿದರೂ ಪೂರ್ಣ ಸಂಖ್ಯೆಯಂತೆಯೇ ಕಾಣುತ್ತದೆ. ಶೇಕಡಾ ಗುರುತು ಹಾಕಿ ಶೇಷ ಕೇಳಿ, 0 ಬಂದರೆ ಮಾತ್ರ ಒಪ್ಪಿಕೊಳ್ಳಿ. ಪೈಥಾನ್‌ನ ಪೂರ್ಣ ಸಂಖ್ಯೆಗೆ ಆ ಮಿತಿ ಇಲ್ಲ. ಎಕ್ಸೆಲ್‌ಗೆ ಮಾತ್ರ ಹೋಗಬೇಡಿ, 15 ಅಂಕಿ ಆದ ಮೇಲೆ ಅದು ಸೊನ್ನೆ ತುಂಬುತ್ತದೆ.

ಬೆಟಗೇರಿ ಗಣಿತ
ಶೇಷ ಸರಿಯಾಗಿ ಬರುತ್ತಿದೆ. ಆದರೆ ಮಕ್ಕಳಿಗೆ ಕಾಣಲಿ ಅಂತ ಪ್ರತಿ ಭಾಜಕವನ್ನೂ ಪರದೆ ಮೇಲೆ ತೋರಿಸುತ್ತಿದ್ದೇನೆ. ಪಿರಿಯಡ್ ಮುಗಿದರೂ ಓಡುತ್ತಲೇ ಇತ್ತು.

ವಿದ್ಯಾನಗರ ಹುಬ್ಬಳ್ಳಿ
ಪರದೆಗೆ ಬರೆಸುವುದನ್ನು ಮೊದಲು ತೆಗೆಯಿರಿ, ಜಾಸ್ತಿ ಸಮಯ ಅದೇ ತಿನ್ನುತ್ತದೆ. ಇನ್ನೊಂದು, ಎಲ್ಲ ಸಂಖ್ಯೆಗಳನ್ನೂ ಸುಮ್ನೆ ಯಾಕೆ ನೋಡಬೇಕು? ಇದನ್ನು ಭಾಗಿಸುವ ಅವಿಭಾಜ್ಯ ಒಂದಿದೆ ಅಂದುಕೊಳ್ಳಿ. ಅದರಿಂದ 2ರ ಘಾತ 67ನ್ನು ಭಾಗಿಸಿದರೆ ಶೇಷ 1. 67 ಅವಿಭಾಜ್ಯ, ಹಾಗಾಗಿ ಅದಕ್ಕಿಂತ ಸಣ್ಣ ಘಾತಕ್ಕೆ ಶೇಷ 1 ಬರುವುದಿಲ್ಲ. ಆ ಅವಿಭಾಜ್ಯದಲ್ಲಿ 1 ಕಳೆದು ಬಂದದ್ದನ್ನು 2ರ ಘಾತವಾಗಿ ಹಾಕಿದರೂ ಶೇಷ 1 ಅನ್ನುತ್ತದೆ ಫರ್ಮಾನ ಚಿಕ್ಕ ಪ್ರಮೇಯ. ಅಂದರೆ 1 ಕಳೆದ ಆ ಸಂಖ್ಯೆ 67ರಿಂದ ಭಾಗ ಹೋಗಲೇಬೇಕು. ಅದು ಸಮ ಸಂಖ್ಯೆಯೂ ಹೌದು, ಹಾಗಾಗಿ 134ರಿಂದಲೂ ಹೋಗುತ್ತದೆ. 135ರಿಂದ ಶುರು ಮಾಡಿ 134ರ ಹೆಜ್ಜೆ ಹಾಕಿ. ಮೊದಲ ಭಾಜಕ ಸಿಗುವವರೆಗೆ 19 ಕೋಟಿ ಸಲ ಭಾಗಿಸುವ ಕೆಲಸ ಸುಮಾರು ಹದಿನಾಲ್ಕೂವರೆ ಲಕ್ಷಕ್ಕೆ ಇಳಿಯುತ್ತದೆ.

ಇದು ಅವಿಭಾಜ್ಯ ಅಲ್ಲ ಅಂತ ಫ್ರೆಂಚ್ ಗಣಿತಜ್ಞ ಲೂಕಾ 1876ರಲ್ಲೇ ತೋರಿಸಿದ್ದ, ಭಾಜಕ ಸಿಕ್ಕಿರಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ನೆಲ್ಸನ್ ಕೋಲ್ ಕಂಪ್ಯೂಟರ್ ಇಲ್ಲದೆ ಹುಡುಕಿಕೊಟ್ಟ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಬೆಟಗೇರಿ ಗಣಿತ
ಸಿಕ್ಕಿತು ರೀ! 193707721, ಜೊತೆಗೆ 761838257287. ಹುಡುಗಿ ಮೊದಲು ಅಂಕಿ ಕೂಡಿ ನೋಡಿದಳು: 37 ಮತ್ತು 64. 9ರಿಂದ ಭಾಗಿಸಿದರೆ ಎರಡಕ್ಕೂ ಶೇಷ 1, 109ಕ್ಕೂ 1. ಆಮೇಲೆ ಬೋರ್ಡ್ ಮೇಲೆ ಪೂರ್ತಿ ಗುಣಿಸಿ ತೋರಿಸಿದಳು. ಈಗ 71 ಹಾಕೋಣ ಸರ್ ಅಂತಿದ್ದಾಳೆ. ಹೆಜ್ಜೆ 142 ಅಲ್ವಾ?

ವಿದ್ಯಾನಗರ ಹುಬ್ಬಳ್ಳಿ
ಹೌದು ಸರ್. 1609ನೇ ಹೆಜ್ಜೆಗೇ ಮೊದಲನೆಯದು ಸಿಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಅದರಲ್ಲಿ ಮೂರು ಅವಿಭಾಜ್ಯ ಇವೆ.