ಅಪ್‌ಡೇಟ್: ಲಿನಕ್ಸ್‌ನಲ್ಲಿ ಸತ್ತಿದ್ದ ಕೀಬೋರ್ಡ್ ಈಗ ಕೆಲಸ ಮಾಡ್ತಿದೆ

ಗ್ರಬ್ ಮೆನುವಿನಲ್ಲಿ (ಕಂಪ್ಯೂಟರ್ ಆನ್ ಮಾಡಿದಾಗ ಯಾವ ಓಎಸ್ ಬೇಕು ಅಂತ ಕೇಳುವ ಪರದೆ) ಕೆಲಸ ಮಾಡುವ ಲ್ಯಾಪ್‌ಟಾಪ್ ಕೀಬೋರ್ಡ್ ಲಿನಕ್ಸ್ ಬೂಟ್ ಆದ ಕೂಡಲೇ ಸಾಯುತ್ತೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಎಎಮ್‌ಡಿ ರೈಜನ್ 6000 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ಡಿಮೆಸೇಜ್ (ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೆದಿಡುವ ಸಂದೇಶಗಳು) ನೋಡಿದೆ. "ಐಆರ್‌ಕ್ಯೂ 1 ಓವರ್‌ರೈಡ್ ಟು ಎಡ್ಜ್, ಹೈ" ಅನ್ನೋ ಸಾಲು, ಪಕ್ಕದಲ್ಲೇ ಆಶ್ಚರ್ಯ ಚಿಹ್ನೆ! ಅಂದರೆ ಕೀಬೋರ್ಡ್ ಸಂಕೇತ ಕಳಿಸುವ ದಾರಿಯ (ಐಆರ್‌ಕ್ಯೂ 1) ಸೆಟ್ಟಿಂಗ್ ಅನ್ನು ಕರ್ನಲ್ 'ಹೈ'ಗೆ ಬದಲಿಸಿದೆ.

ಹಳೆಯ ಬಯಾಸ್‌ಗಳ (ಕಂಪ್ಯೂಟರನ್ನು ಶುರು ಮಾಡುವ ಸಾಫ್ಟ್‌ವೇರ್) ಡಿಎಸ್‌ಡಿಟಿಯಲ್ಲಿ, ಅಂದರೆ ಹಾರ್ಡ್‌ವೇರ್ ವಿವರವನ್ನು ಓಎಸ್‌ಗೆ ಹೇಳುವ ಟೇಬಲ್‌ನಲ್ಲಿ, ತಪ್ಪು ಇರುತ್ತಿತ್ತು, ಅದಕ್ಕೇ ಕರ್ನಲ್ ಆ ಮಾತು ನಂಬದೆ ತನ್ನದೇ ಸೆಟ್ಟಿಂಗ್ ಹಾಕುತ್ತೆ, ಆದರೆ ನನ್ನ ಮಷೀನ್‌ನಲ್ಲಿ ಡಿಎಸ್‌ಡಿಟಿ ಹೇಳಿದ 'ಲೋ' ಅನ್ನೋದೇ ಸರಿ. ಹಳೇ ರೋಗದ ಮದ್ದೇ ಇಲ್ಲಿ ಹೊಸ ರೋಗ, ಅಲ್ವಾ?

ಡಿಎಂಐಡಿಕೋಡ್‌ನಲ್ಲಿ (ಹಾರ್ಡ್‌ವೇರ್ ಹೆಸರು ತೋರಿಸುವ ಕಮಾಂಡ್) ಸಿಕ್ಕ ಬೋರ್ಡ್ ಹೆಸರನ್ನು ಕರ್ನಲ್ ಕೋಡಿನ ಎಸಿಪಿಐ ಫೋಲ್ಡರಿನ ರಿಸೋರ್ಸ್.ಸಿ ಫೈಲಿನಲ್ಲಿ, ಈ ಬದಲಾವಣೆ ಬೇಡದ ಮಷೀನ್‌ಗಳ ವಿನಾಯಿತಿ ಪಟ್ಟಿಗೆ ಸೇರಿಸಿ ಕರ್ನಲ್ ಅನ್ನು ಮತ್ತೆ ಕಂಪೈಲ್ ಮಾಡಿದೆ. ಲಾಗಿನ್ ಪರದೆಯಲ್ಲಿ ಮೊದಲ ಅಕ್ಷರ ಮೂಡಿದಾಗ ನಿಜಕ್ಕೂ ಖುಷಿಯಾಯಿತು. ಈ ತಿದ್ದುಪಡಿಯ ಪ್ಯಾಚ್ ಅನ್ನು ಕರ್ನಲ್ ತಂಡಕ್ಕೆ ಕಳಿಸುತ್ತಿದ್ದೇನೆ.