ಗೇಮ್ ಡಿಸೈನರ್ ಕೆಲಸ ಸಿಕ್ಕಿತು, ನನ್ನ ಚೆನ್ನೆಮಣೆ ಬಿಡಬೇಕಾ?

ಕಟಪಾಡಿಯವ:
ಹಗಲು ಮಣಿಪಾಲದಲ್ಲಿ ಅಕೌಂಟ್ಸ್ ಕೆಲಸ. ರಾತ್ರಿ ಊಟ ಮುಗಿಸಿ ಕೂತು ಆರು ವರ್ಷದಿಂದ ಒಂದೇ ಗೇಮ್ ಮಾಡುತ್ತಿದ್ದೇನೆ, ಫೋನಿನಲ್ಲಿ ಆಡುವ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಗೊಡೋ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಇಷ್ಟನ್ನು ಬರೆಯುವುದು ಕಷ್ಟ ಆಗಲಿಲ್ಲ. ಆದರೆ ಅಜ್ಜಿ ಎರಡು ಸುತ್ತು ಆಡಿ ಫೋನ್ ಕೆಳಗಿಟ್ಟರು. "ಕಾಯಿ ಬೀಳುವ ಶಬ್ದವೇ ಇಲ್ಲ, ಎಂತ ಆಟ ಇದು?" ಅಂದರು. ಅಟ್ಟದಿಂದ ಹಳೇ ಮಣೆ ಇಳಿಸಿ, ಒಂದೊಂದೇ ಕಾಯಿ ಬಿಟ್ಟು ರೆಕಾರ್ಡ್ ಮಾಡಿದೆ. ಖಾಲಿ ಗುಳಿಗೆ ಬಿದ್ದರೆ ಒಂದು ಶಬ್ದ, ಕಾಯಿಯ ಮೇಲೆ ಕಾಯಿ ಬಿದ್ದರೆ ಇನ್ನೊಂದು. ಅದನ್ನು ಸೇರಿಸಿದ ದಿನ ಅಜ್ಜಿ ಊಟಕ್ಕೆ ಎದ್ದದ್ದು ಮೂರು ಗಂಟೆಗೆ.

ಈ ಗೇಮ್ ತೋರಿಸಿಯೇ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಜೂನಿಯರ್ ಗೇಮ್ ಡಿಸೈನರ್ ಕೆಲಸ ಸಿಕ್ಕಿದೆ. ಆಫರ್ ಲೆಟರ್‌ನಲ್ಲಿ ಒಂದು ಸಾಲು ಉಂಟು: ಕೆಲಸದಲ್ಲಿ ಇರುವಷ್ಟು ದಿನ ನಾನು ಮಾಡುವ ಯಾವ ಗೇಮ್ ಆದರೂ ಕಂಪನಿಯದ್ದು. ಶುಕ್ರವಾರ ಸಹಿ ಹಾಕಬೇಕು. ಕೆಲಸ ಬೇಕೇಬೇಕು ನನಗೆ. ಆದರೆ ಅಜ್ಜಿಯ ಮಣೆಯ ಶಬ್ದ ಯಾರದ್ದೋ ಆಗುವುದು ಹೇಗೆ ಒಪ್ಪಲಿ?

ಪಂಪ್‌ವೆಲ್ ಡಿಸೈನರ್:
ಹೆದರಬೇಡಿ ಮಾರಾಯ್ರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ್ದು ಮಾಲಿಕನದ್ದು. ಸೇರುವ ಮೊದಲು ಮಾಡಿದ್ದು ಅದರಲ್ಲಿ ಬರುವುದಿಲ್ಲ. ಚೆನ್ನೆಯ ನಿಯಮ ಯಾರ ಸ್ವತ್ತೂ ಅಲ್ಲ. ನಿಮ್ಮ ಕೋಡ್, ಚಿತ್ರ, ಶಬ್ದ ನಿಮ್ಮದು. ಆದರೆ ನಿಮ್ಮ ಲೆಟರ್‌ನ ಆ ಸಾಲು ಕಾಯ್ದೆಗಿಂತ ಅಗಲ ಉಂಟು, ಹಾಗಾಗಿ ಬಾಯಿಮಾತು ಸಾಲದು. ಗೇಮಿನ ಹೆಸರು, ಇವತ್ತಿನ ವರ್ಷನ್ ಬರೆದು "ಇದು ನನ್ನ ಹಳೇ ಕೆಲಸ" ಅಂತ ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಲು ಕೇಳಿ. ಸಹಿಗೆ ಮೊದಲೇ ಕೇಳಿ, ಉತ್ತರ ಮೇಲ್‌ನಲ್ಲೇ ಬರಲಿ. ಸೇರಿದ ಮೇಲೆ ಮಾಡುವ ಬದಲಾವಣೆಗೆ ಬೇರೆಯೇ ಅನುಮತಿ ಬೇಕು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆರೆಯಲೇಬೇಡಿ.

ಕುಂದಾಪುರದವಳು:
ಕಾನೂನು ಅವರು ಹೇಳಿದರು, ನಾನು ಬೇರೆ ವಿಷಯ ಹೇಳುತ್ತೇನೆ. ಕಾಲೇಜಿನಲ್ಲಿ ಕೌಂಟರ್ ಸ್ಟ್ರೈಕ್ ಎಂಬ ಶೂಟಿಂಗ್ ಗೇಮಿಗೆ ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಮಾಡುತ್ತಿದ್ದವಳು ನಾನು. ಆ ಗೇಮೇ 1999ರಲ್ಲಿ ಹಾಫ್ ಲೈಫ್ ಎಂಬ ಗೇಮಿನ ಮಾಡ್ ಆಗಿ, ಅಂದರೆ ಇದ್ದ ಗೇಮನ್ನೇ ಬೇರೆಯವರು ಬದಲಿಸಿ ಮಾಡಿದ್ದಾಗಿ, ಹವ್ಯಾಸದಿಂದ ಹುಟ್ಟಿದ್ದು. ಮರುವರ್ಷ ಹಾಫ್ ಲೈಫ್ ಮಾಡಿದ ವಾಲ್ವ್ ಕಂಪನಿಯೇ ಅದನ್ನು ತನ್ನದಾಗಿಸಿಕೊಂಡಿತು. ನನಗೂ ಹಾಗೇ ದಾರಿ ಆಯಿತು ಅಂತ ಹಿಗ್ಗಿದ್ದೆ. ಕೆಲಸದ ಮೊದಲ ವರ್ಷ ಯಾವ ಗೇಮ್ ತೆರೆದರೂ ಬಾಗಿಲು ಎಲ್ಲಿಟ್ಟಿದ್ದಾರೆ, ಬೆಳಕು ಹಾಕಿ ನನ್ನನ್ನು ಅಲ್ಲಿಗೆ ಹೇಗೆ ಎಳೆದಿದ್ದಾರೆ ಅಂತಲೇ ಕಣ್ಣು ಹೋಗುತ್ತಿತ್ತು. ಆಟ ಆಡಲಿಕ್ಕೇ ಆಗಲಿಲ್ಲ. ತುಂಬಾ ಅತ್ತಿದ್ದೇನೆ. ಕೆಲಸ ಅಂದರೆ ಹೆಚ್ಚು ಹೊತ್ತು ಎಕ್ಸೆಲ್ ಶೀಟ್, ಮತ್ತೆ ಆಡುವವರ ಹಿಂದೆ ಬಾಯಿ ಮುಚ್ಚಿ ನಿಂತು ನೋಡುವುದು. ಅಜ್ಜಿ ಫೋನ್ ಕೆಳಗಿಟ್ಟಾಗ ನೀವು ವಾದ ಮಾಡಲಿಲ್ಲ, ಮಣೆ ಇಳಿಸಿದಿರಿ. ಅದೇ ಈ ಕೆಲಸ. ಸೇರಿ.

ಕಟಪಾಡಿಯವ:
ಮೇಲ್ ಹಾಕಿದ್ದೆ, ಇವತ್ತು ಉತ್ತರ ಬಂತು. ಹಳೇ ವರ್ಷನ್ ನನ್ನದೇ ಅಂತ ಅನುಬಂಧದಲ್ಲಿ ಬರೆದುಕೊಡುತ್ತಾರೆ. ಸೇರಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಒಪ್ಪಿದೆ. ಒಂದನೇ ತಾರೀಕಿನೊಳಗೆ ಕೊನೆಯ ಅಪ್‌ಡೇಟ್ ಹಾಕಬೇಕು, ಅಕ್ಷರ ದೊಡ್ಡದು ಮಾಡು ಅಂತ ಅಜ್ಜಿ ಹೇಳಿದ್ದು ಬಾಕಿ ಉಂಟು. ಆಟಿ ತಿಂಗಳಲ್ಲಿ ಊರಿಗೆ ಬಂದರೆ ಮರದ ಮಣೆಯಲ್ಲೇ ಆಡುತ್ತೇನೆ. ಅದನ್ನು ಅಟ್ಟಕ್ಕೆ ಹಾಕಬೇಡಿ ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ.