ಇಷ್ಟದ ಕವಿಗಳು ಬರ್ತಿದಾರೆ, ಕವನ ಓದ್ಕೊಂಡು ಹೋಗ್ಬೇಕಾ, ಸುಮ್ನೆ ಹೋಗಿ ಕೂರ್ಬೇಕಾ?

ಬೇಲೂರು ಹುಡ್ಗಿ:
ಎಲ್ರಿಗೂ ನಮಸ್ಕಾರ. ಮುಂದಿನ ಭಾನುವಾರ ಚಿಕ್ಕಮಗಳೂರಲ್ಲಿ ಕವಿಗೋಷ್ಠಿ ಇದೆ, ಕಾಲೇಜು ದಿನದಿಂದ ಓದ್ಕೊಂಡು ಬಂದಿರೋ ಇಬ್ರು ಕವಿಗಳು ಬರ್ತಿದಾರೆ, ಎದುರಿಗೆ ಕೂತು ಕೇಳೋದು ಇದೇ ಮೊದ್ಲು. ಆದ್ರೆ ಒಂಥರಾ ಭಯ, ಅವ್ರ ಸಾಲುಗಳು ನನ್ ತಲೇಲಿ ಒಂದು ದನಿಯಾಗಿ ಕೂತ್ಬಿಟ್ಟಿವೆ, ಯೂಟ್ಯೂಬಲ್ಲೂ ಬೇಕಂತ್ಲೇ ನೋಡಿಲ್ಲ, ಅವ್ರು ಬಂದು ಗಡಗಡ ಓದಿ ಎದ್ದೋದ್ರೆ? ಮತ್ತೆ ಪುಸ್ತಕದ ಮೇಲೆ ಸೈನ್ ಕೇಳಿದ್ರೆ ಬೇಜಾರ್ ಮಾಡ್ಕೋತಾರಾ?

ಅರಸೀಕೆರೆ ಮೇಷ್ಟ್ರು:
ಧಾರಾಳವಾಗಿ ಹೋಗಮ್ಮ. ಕರಪತ್ರದಲ್ಲಿ 10 ಗಂಟೆ ಅಂತಿದ್ರೆ ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಶಾಲು ಹಾರ ಎಲ್ಲ ಮುಗ್ದು ಕವಿಗಳಿಗೆ ಮೈಕ್ ಸಿಗೋ ಹೊತ್ಗೆ ಆಚೆಯಿಂದ ಸಾರಿನ ವಾಸನೆ ಬರ್ತಿರುತ್ತೆ, ಅದಕ್ಕೆ ತಯಾರಾಗಿರು. ಮುಂದಿನ ಸಾಲು ಗಣ್ಯರಿಗೆ, ಅದ್ರ ಹಿಂದೆ ಕೂತ್ಕೋ.
ದನಿ ವಿಚಾರ ಹೇಳ್ತೀನಿ. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಸಿದ್ಧಲಿಂಗಯ್ಯನವರು ಅಧ್ಯಕ್ಷರು, ಅವ್ರನ್ನ ಕೇಳೋಕೇ ಹೋಗಿದ್ದೆ. ಕವನಗಳಲ್ಲಿ ಬರೀ ಬೆಂಕಿ ನೋಡಿದ್ದೋನು ನಾನು, ಅಲ್ಲಿ ನೋಡಿದ್ರೆ ಮನುಷ್ಯ ಜನಾನ ನಗಿಸ್ತಾರೆ! ಮನೆಗ್ ಬಂದು ಅದೇ ಕವನ ತೆಗೆದ್ರೆ ಆ ಸಿಟ್ಟಿನೊಳಗೇ ಒಂದು ತುಂಟತನ ಕಾಣೋಕ್ ಶುರುವಾಯ್ತು, ಅಲ್ಲೀವರ್ಗೂ ನಂಗೆ ಹೊಳ್ದೇ ಇರ್ಲಿಲ್ಲ. 2021ರಲ್ಲಿ ಹೋಗ್ಬಿಟ್ರು. ತಲೇಲಿರೋ ದನಿ ಕೆಟ್ರೆ ಕೆಡ್ಲಿ ಬಿಡು.

ಕಾಫಿ ಹೂವು:
ಮೇಷ್ಟ್ರೆ ನಿಮ್ಗೆ ಅದೃಷ್ಟ, ಎಲ್ಲಾ ಕವಿಗಳೂ ಹಂಗೆ ಓದಲ್ಲ ಸಾರ್. ಕೆಲವ್ರು ಅದ್ಭುತವಾಗಿ ಬರೀತಾರೆ, ಮೈಕ್ ಮುಂದೆ ಮಾತ್ರ ರೇಷನ್ ಲಿಸ್ಟ್ ಓದ್ದಂಗೆ. ಇನ್ನೊಂದು, ನಮ್ ಜನಕ್ಕೆ ಕವನ ಅಂದ್ರೆ ಟ್ಯೂನ್ ಬೇಕು. 1978ರಲ್ಲಿ ನಿಸಾರ್ ಅಹಮದ್ ಅವ್ರ ‘ನಿತ್ಯೋತ್ಸವ’ ಕ್ಯಾಸೆಟ್ ಬಂತಲ್ಲ, ಮೈಸೂರು ಅನಂತಸ್ವಾಮಿ ಅವ್ರ ಸಂಗೀತ, ಅಲ್ಲಿಂದ ಭಾವಗೀತೆ ಮನೆಮನೆಗೂ ಹೋಯ್ತು, ಒಳ್ಳೇದೇ, ಆದ್ರೆ ಕವಿ ಬರೀ ಮಾತಲ್ಲಿ ಓದಿದ್ರೆ ಪಕ್ಕದ್ ಸೀಟಿನವ್ರು ‘ಹಾಡಲ್ವಾ?’ ಅಂತಾರೆ. ಹಾಡಿನ ರೂಪದಲ್ಲೇ ಗೊತ್ತಿರೋ ಕವನಗಳನ್ನ ಹೋಗೋಕ್ ಮುಂಚೆ ಒಂದ್ಸಲ ಪುಸ್ತಕದಲ್ಲಿ ಓದ್ಕೊಳಿ, ಉಳಿದಿದ್ದು ಅಲ್ಲೇ ಕೇಳಿ.

ಕಡೂರ್ ಎಕ್ಸ್‌ಪ್ರೆಸ್:
ಹಾಡೋದೇನು ತಪ್ಪಾ? ಲಕ್ಷ್ಮೀಶನ ದೇವನೂರು ನಮ್ ತಾಲ್ಲೂಕು ಸ್ವಾಮಿ, ಜೈಮಿನಿ ಭಾರತಾನ ಗಮಕದಲ್ಲಿ ಒಬ್ರು ವಾಚನ ಮಾಡಿ ಇನ್ನೊಬ್ರು ವ್ಯಾಖ್ಯಾನ ಮಾಡಿದ್ರೆ ಅಕ್ಷರ ಬರ್ದೇ ಇರೋರೂ ತಲೆ ಆಡಿಸ್ತಾರೆ.

ಕಾಫಿ ಹೂವು:
ತಪ್ಪು ಅಂತ ಯಾರಂದ್ರು ಗುರು, ಷಟ್ಪದಿ ಇರೋದೇ ಹಾಡೋಕೆ. ನವ್ಯದ ಕವನಕ್ಕೆ ರಾಗ ಹಾಕ್ಬೇಡಿ ಅಂದೆ ಅಷ್ಟೆ.

ಬೇಲೂರು ಹುಡ್ಗಿ:
ಥ್ಯಾಂಕ್ಸ್ ಎಲ್ರಿಗೂ. ಸೈನ್ ಬಗ್ಗೆ ಯಾರೂ ಹೇಳ್ಲೇ ಇಲ್ಲ 😀

ಅರಸೀಕೆರೆ ಮೇಷ್ಟ್ರು:
ಖುಷಿಯಾಗಿ ಹಾಕ್ಕೊಡ್ತಾರಮ್ಮ. ಹೊಸ ಪುಸ್ತಕ ಬೇಡ, ಓದಿ ಓದಿ ಮೂಲೆ ಮಡಚಿದೆಯಲ್ಲ ಅದೇ ತಗೊಂಡ್ಹೋಗು. ಊಟದ್ ಹೊತ್ತಲ್ಲಿ ಹೋಗ್ಬೇಡ, ಪಾಪ ಕೈಯೆಲ್ಲ ಸಾರಾಗಿರುತ್ತೆ, ವೇದಿಕೆ ಇಳೀತಿದ್ದಂಗೆ ಹಿಡ್ಕೋ. ಪೆನ್ನು ನಿಂದೇ ಇರ್ಲಿ.